ಬಿಟ್ಟು ಹೋಗದ ಕಾಯಿಲೆಯೊಡನೆ ಸಂಸಾರ

ಜ್ವರ ಬರುತ್ತದೆ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ. ಹೆರಿಗೆಯ ನೋವು ಕೂಡ ಮಗುವಿನ ಮುಖ ಕಂಡಾಗ ಮರೆತುಹೋಗುತ್ತದೆ. ಆದರೆ ಕೆಲವು ಕಾಯಿಲೆಗಳಿವೆ. ಒಮ್ಮೆ ಮನೆಗೆ ಬಂದವು ಎಂದರೆ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತೇಬಿಡುತ್ತವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿಯ ಸಂಧಿವಾತ, ಉಬ್ಬಸ, ಥೈರಾಯ್ಡಿನ ತೊಂದರೆ - ಇವೆಲ್ಲ ಆ ಜಾತಿಯ ನೆಂಟರು. ಇವುಗಳೊಡನೆ ಬಾಳಲು ಮಾತ್ರೆ ಬೇಕೇ ಬೇಕು, ಆದರೆ ಮಾತ್ರೆಯೊಂದೇ ಸಾಲದು. ಮನಸ್ಸಿಗೂ ಒಂದಿಷ್ಟು ಬಂಡವಾಳ ಬೇಕು. ಆ ಬಂಡವಾಳ ನಮ್ಮ ತೆಂಗಿನ ಸೀಮೆಯ ಹೆಣ್ಣುಮಕ್ಕಳಿಗೆ ಎಲ್ಲಿಂದ ಒದಗುತ್ತದೆ, ಎಲ್ಲಿ ಸೋರಿಹೋಗುತ್ತದೆ?

ತೆಂಗಿನ ಸೀಮೆ ಎಂದರೆ ಗೊತ್ತಲ್ಲ. ಬೆಂಗಳೂರಿನಿಂದ ಅರಸೀಕೆರೆಯ ಕಡೆ ಹೋಗುವ ರೈಲಿನಲ್ಲಿ ಕೂತರೆ ಗುಬ್ಬಿ ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ತೆಂಗೇ ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ - ಈ ಮೂರು ತಾಲ್ಲೂಕುಗಳಲ್ಲಿ ಮಗಳ ಮದುವೆ, ಮಗನ ಓದು, ಮನೆಯ ಗೃಹಪ್ರವೇಶ ಎಲ್ಲವೂ ಕೊಬ್ಬರಿಯ ಧಾರಣೆ ನೋಡಿಕೊಂಡೇ ನಡೆಯುವುದು. ಅಂಥದೊಂದು ತೋಟದ ಮನೆಯ ದೊಡ್ಡ ಸೊಸೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅವಳು ಇಂಥ ಊರಿನ ಇಂಥವಳೇ ಎಂದೇನಲ್ಲ, ಊರಿಗೆ ಹತ್ತು ಮಂದಿ ಸಿಗುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರ ತನಕ ನಡು ಬಗ್ಗಿಸಿದ್ದು ನೆಟ್ಟಗಾಗುವುದಿಲ್ಲ. ಆಳುಗಳಿಗೆ ಮುದ್ದೆ, ಮಾವನಿಗೆ ಗಂಜಿ, ಹಸುವಿಗೆ ಹಿಂಡಿ, ಮಕ್ಕಳಿಗೆ ಡಬ್ಬಿ. ಕಾಲು ಜೋಮು ಹಿಡಿಯುತ್ತದೆ, ಬಾಯಿ ಒಣಗುತ್ತದೆ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಬೇಕಾಗುತ್ತದೆ. ಕೇಳಿದರೆ, "ನಂಗೇನಾಗೈತೆ ಬಿಡಿ, ಗುಂಡುಕಲ್ಲಂಗಿದೀನಿ" ಅನ್ನುತ್ತಾಳೆ. ಕೊನೆಗೊಂದು ದಿನ ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೇಳುತ್ತಾರೆ: "ಸಕ್ಕರೆ ಕಾಯಿಲೆ ಇದೆಯಮ್ಮ. ಬಹಳ ದಿನದಿಂದಲೇ ಇದ್ದ ಹಾಗಿದೆ."

ಅವಳಿಗೆ ಆಗ ಕಾಣುವುದು ಕಾಯಿಲೆಯಲ್ಲ. ಮಗಳ ಮದುವೆ, ಗಂಡನ ಮುಖ, ಓರಗಿತ್ತಿಯ ಮಾತು, ಇನ್ನು ಮುಂದೆ ಪ್ರತಿ ತಿಂಗಳ ಔಷಧದ ಖರ್ಚು. ಅಲ್ಲಿಂದ ಶುರುವಾಗುತ್ತದೆ ನಿಜವಾದ ಕಥೆ.

ಇಂಥವಳು ಒಬ್ಬಳೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರು ಹತ್ತು ಕೋಟಿಗೂ ಹೆಚ್ಚು. "ಅದು ಪೇಟೆಯ ಸಾಹುಕಾರರ ಕಾಯಿಲೆ" ಎಂಬ ಮಾತು ಈಗ ಸಲ್ಲುವುದಿಲ್ಲ.

ಒಲೆಯ ಮೂರು ಗುಂಡು

ಒಂದೇ ಕಾಯಿಲೆ, ಒಂದೇ ಮಾತ್ರೆ. ಆದರೂ ಒಬ್ಬಾಕೆ ಹತ್ತು ವರ್ಷ ನಗುನಗುತ್ತಾ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾಳೆ, ಇನ್ನೊಬ್ಬಾಕೆ ಎರಡೇ ವರ್ಷಕ್ಕೆ ಹಾಸಿಗೆ ಹಿಡಿಯುತ್ತಾಳೆ. ಏಕೆ ಹೀಗೆ? ಎಲ್ಲವೂ ಮನಸ್ಸಿನಿಂದಲೇ ಎನ್ನಲಾಗದು. ಕಾಯಿಲೆಯ ತೀವ್ರತೆ, ಕೈಯಲ್ಲಿರುವ ದುಡ್ಡು, ಸಿಗುವ ಚಿಕಿತ್ಸೆ ಎಲ್ಲವೂ ಸೇರಿರುತ್ತದೆ. ಆದರೆ ಮನಸ್ಸಿನ ಪಾಲು ಸಣ್ಣದಲ್ಲ.

ಇದನ್ನು ಆಳವಾಗಿ ಯೋಚಿಸಿದವರಲ್ಲಿ ಒಬ್ಬರು ಆರನ್ ಆಂಟೊನೊವ್‌ಸ್ಕಿ (1923-1994). ಅಮೆರಿಕದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞರು. ಮುಟ್ಟು ನಿಲ್ಲುವ ಕಾಲವನ್ನು ಬೇರೆ ಬೇರೆ ಸಂಸ್ಕೃತಿಯ ಹೆಂಗಸರು ಹೇಗೆ ದಾಟುತ್ತಾರೆ ಎಂದು ಅವರು ಅಧ್ಯಯನ ನಡೆಸಿದರು. ಆ ಹೆಂಗಸರಲ್ಲಿ ಕೆಲವರು ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಸೆರೆ ಶಿಬಿರಗಳಲ್ಲಿ ನರಕ ಕಂಡು ಬದುಕಿ ಬಂದವರು. ಶಿಬಿರ ಕಾಣದ ಹೆಂಗಸರಲ್ಲಿ ನೂರಕ್ಕೆ 51 ಮಂದಿಯ ಮನಸ್ಸು ಚೆನ್ನಾಗಿಯೇ ಇತ್ತು. ಶಿಬಿರ ಕಂಡು ಬಂದವರಲ್ಲಿ ಹಾಗಿದ್ದವರು 29 ಮಂದಿ. ಉಳಿದವರು ಯಾಕೆ ಕುಗ್ಗಿದರು ಎಂದು ಯಾರಾದರೂ ಕೇಳಿಯಾರು. ಆಂಟೊನೊವ್‌ಸ್ಕಿ ಕೇಳಿದ್ದು ತಿರುಗುಮುರುಗು ಪ್ರಶ್ನೆ: ಅಷ್ಟೆಲ್ಲ ಅನುಭವಿಸಿದ ಮೇಲೂ ಆ 29 ಮಂದಿ ಹೇಗೆ ನೆಟ್ಟಗೆ ನಿಂತರು?

1979ರಲ್ಲಿ ಮತ್ತು 1987ರಲ್ಲಿ ಬಂದ ತಮ್ಮ ಎರಡು ಗ್ರಂಥಗಳಲ್ಲಿ ಅವರು ಕೊಟ್ಟ ಉತ್ತರವನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಬಾಳಿನ ಒಲೆಗೆ ಮೂರು ಗುಂಡುಗಳು ಬೇಕು. ಒಂದು, ನನಗೆ ಏನಾಗುತ್ತಿದೆ ಎಂಬುದು ಅರ್ಥವಾಗಬೇಕು. ಎರಡು, ಇದನ್ನು ನಿಭಾಯಿಸಲು ಬೇಕಾದದ್ದು ನನ್ನ ಕೈಗೆ ಎಟಕುತ್ತದೆ ಎಂಬ ಧೈರ್ಯ ಇರಬೇಕು. ಮೂರು, ಇಷ್ಟೆಲ್ಲ ಪಾಡು ಪಡುವುದಕ್ಕೆ ಒಂದು ಕಾರಣವಿದೆ ಎನ್ನಿಸಬೇಕು. ಒಂದು ಗುಂಡು ಸರಿದರೂ ಪಾತ್ರೆ ವಾಲುತ್ತದೆ. ಈ ಮೂರನ್ನೂ ಮನುಷ್ಯ ತಾನೊಬ್ಬನೇ ತಯಾರಿಸಿಕೊಳ್ಳುವುದಿಲ್ಲ, ಹುಟ್ಟಿ ಬೆಳೆದ ಸಮಾಜ, ಸಂಸ್ಕೃತಿ ಅವನಿಗೆ ಕೊಡುತ್ತದೆ ಎಂಬುದು ಅವರ ಮುಖ್ಯ ಮಾತು. ನಮ್ಮ ಸೀಮೆ ನಮಗೆ ಏನೇನು ಕೊಟ್ಟಿದೆ, ಒಂದೊಂದಾಗಿ ನೋಡೋಣ.

ಮೊದಲ ಗುಂಡು: ತಿಳಿವು

ಸಕ್ಕರೆ ಕಾಯಿಲೆ ಬಂತು ಎಂದೊಡನೆ ನಮ್ಮ ಕಡೆ ಕೇಳಿಬರುವ ಮಾತುಗಳು ನಿಮಗೂ ಗೊತ್ತು. "ಯಾವ ಜನ್ಮದ ಪಾಪವೋ." "ಸಿಹಿ ಜಾಸ್ತಿ ತಿಂದ್ಳು, ಬಂತು." "ಮುದ್ದೆ ಉಂಡ್ರೆ ಏನೂ ಆಗಲ್ಲ." "ಸೂಜಿ ಮಾತ್ರ ಹಿಡೀಬೇಡ ಕಣಕ್ಕ, ಹಿಡಿದ್ರೆ ಮುಗೀತು, ಬಿಡಂಗಿಲ್ಲ."

ಇವು ಒಂದೊಂದೂ ಒಂದೊಂದು ಹೆಜ್ಜೆಯನ್ನು ಕಟ್ಟಿಹಾಕುತ್ತವೆ. ನಿಜ ಏನು? ನಾವು ಉಂಡ ಅನ್ನ, ಮುದ್ದೆ ಎಲ್ಲವೂ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಮೈಯ ಕಣಕಣಕ್ಕೂ ತಲುಪಿಸುವ ಕೀಲಿಕೈ ಇನ್ಸುಲಿನ್. ಕೀಲಿಕೈ ಕಡಿಮೆಯಾದರೆ ಅಥವಾ ಬೀಗ ತುಕ್ಕು ಹಿಡಿದರೆ ಸಕ್ಕರೆ ರಕ್ತದಲ್ಲೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. ವಂಶದ ಗುಣ, ವಯಸ್ಸು, ಹೊಟ್ಟೆಯ ಬೊಜ್ಜು, ಮೈಗೆ ಸಾಕಷ್ಟು ನಡಿಗೆ ಇಲ್ಲದಿರುವುದು - ಹೀಗೆ ಕಾರಣಗಳು ಹಲವು. ಪಾಪ ಅದರಲ್ಲಿಲ್ಲ.

ಇನ್ನು ಸೂಜಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ಸಾವಿನ ಬಾಗಿಲಲ್ಲಿದ್ದ ಹುಡುಗ ಎದ್ದು ಕೂತು, ಮುಂದೆ ಹದಿಮೂರು ವರ್ಷ ಬಾಳಿದ. ಇನ್ಸುಲಿನ್ ಕೊನೆಗಾಲದ ಔಷಧವಲ್ಲ, ಬದುಕಿಸಲು ಬಂದ ಔಷಧ. ಅದು ಚಟವಲ್ಲ. ಮೈಗೆ ಬೇಕಾದ ಕೀಲಿಕೈಯನ್ನು ಹೊರಗಿನಿಂದ ಕೊಡುವುದು, ಅಷ್ಟೆ.

ರಾಗಿಮುದ್ದೆಯ ವಿಷಯ ಬೇರೆಯಾಗಿ ಹೇಳಬೇಕು. ರಾಗಿ ಒಳ್ಳೆಯದೇ. ಅದರಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಆದರೆ ಪಿಷ್ಟವೂ ಉಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ, ಅಕ್ಕಿಯಲ್ಲಿ ಎಂಬತ್ತರ ಹತ್ತಿರ. ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ತೆಂಗಿನಕಾಯಿ ಗಾತ್ರದ ಮುದ್ದೆ ಎರಡು ನುಂಗಿ, ಮೇಲೆ ಒಂದು ಸೌಟು ಅನ್ನವನ್ನೂ ಬಡಿಸಿಕೊಂಡರೆ ರಾಗಿಯ ಗುಣ ಗಾತ್ರದಲ್ಲಿ ಮುಳುಗಿಹೋಗುತ್ತದೆ. ಸಣ್ಣ ಮುದ್ದೆ ಒಂದು, ಅದಕ್ಕೆ ಧಾರಾಳವಾಗಿ ಸೊಪ್ಪಿನ ಸಾರು ಇಲ್ಲವೆ ಹುರುಳಿ, ಅವರೆಕಾಳಿನ ಸಾರು - ಇದು ಸರಿಯಾದ ಹದ. 'ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡುತ್ತೆ' ಅನ್ನುತ್ತಾರೆ. ತೆಂಗು ಕಡಿಮೆ ಹಾಕಿ ರುಚಿ ತರುವವಳು ಜಾಣೆ. ಕಾಯಿ ವಿಷವೂ ಅಲ್ಲ, ಮದ್ದೂ ಅಲ್ಲ. ಜಿಡ್ಡು ಜಾಸ್ತಿಯಿರುವ ಪದಾರ್ಥ, ಹಿಡಿತದಲ್ಲಿರಲಿ. ಎಳನೀರಲ್ಲೂ ಸಕ್ಕರೆಯಿದೆ, ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಸೊರಗಿದವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಇಷ್ಟು ತಿಳಿಯುವುದು ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವೇ? ಖಂಡಿತ ಅಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ನುಗ್ಗಿದ ನುಸಿ ಪೀಡೆ ನೆನಪಿದೆಯಲ್ಲ. ಕಾಯಿಯ ಮೈಯೆಲ್ಲ ಕಜ್ಜಿಯಾಗಿ ಸಣ್ಣಗಾಗಿ ಉದುರಿದಾಗ 'ತೆಂಗಿನ ಕಾಲ ಮುಗೀತು' ಎಂದವರೇ ಬಹಳ. ನುಸಿ ಪೂರ್ತಿ ಹೋಗಲಿಲ್ಲ. ಬುಡಕ್ಕೆ ಗೊಬ್ಬರ, ಬೇವಿನ ಹಿಂಡಿ, ನೀರು ನೋಡಿಕೊಂಡು ಅದರೊಡನೆಯೇ ಫಸಲು ತೆಗೆಯುವುದನ್ನು ಕಲಿತರು. ಮರದ ಕಾಯಿಲೆಯನ್ನು ಇಷ್ಟು ವಿವರವಾಗಿ ತಿಳಿದುಕೊಳ್ಳುವ ಮನೆಯಲ್ಲಿ, ಮನೆಯೊಡತಿಯ ಕಾಯಿಲೆಯನ್ನೂ ಅಷ್ಟೇ ವಿವರವಾಗಿ ತಿಳಿದುಕೊಳ್ಳಬಹುದಲ್ಲವೇ? ಡಾಕ್ಟರ ಎದುರು ತಲೆ ಬಗ್ಗಿಸಿ ಬರಬೇಡಿ, ಕೇಳಿ. ಈ ಮಾತ್ರೆ ಯಾತಕ್ಕೆ? ಊಟಕ್ಕೆ ಮುಂಚೆಯೋ ಆಮೇಲೋ? ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು? ಕೇಳಿದ್ದನ್ನು ಲೆಕ್ಕದ ಪುಸ್ತಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ.

ಎರಡನೆಯ ಗುಂಡು: ಕೈಗೆಟಕುವ ಆಸರೆ

ತಿಳಿವಿದ್ದು ಕೈಯಲ್ಲಿ ಕಾಸಿಲ್ಲದಿದ್ದರೆ? ಕೊಬ್ಬರಿ ಮಾರಿದ ದುಡ್ಡು ಗಂಡಸರ ಜೇಬಿಗೆ ಹೋಗುತ್ತದೆ. 'ಆಸ್ಪತ್ರೆಗೆ ಹೋಗಬೇಕು, ಬಸ್ಸಿಗೆ ದುಡ್ಡು ಕೊಡಿ' ಎಂದು ಕೇಳುವುದಕ್ಕೇ ಎಷ್ಟೋ ಹೆಂಗಸರು ಹಿಂಜರಿದು ತಿಂಗಳುಗಟ್ಟಲೆ ತಳ್ಳುತ್ತಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಬೇಡವಾಯಿತು. ಇದನ್ನು ಬರೀ ತೀರ್ಥಯಾತ್ರೆಗೆ ಬಂದ ಅನುಕೂಲ ಎಂದುಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಗೆ ಯಾರನ್ನೂ ಕೇಳದೆ ಹೋಗಿಬರುವ ದಾರಿಯೂ ಹೌದು. ಮೂವತ್ತು ದಾಟಿದವರಿಗೆಲ್ಲ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡಬೇಕೆಂಬ ಸರ್ಕಾರಿ ಕಾರ್ಯಕ್ರಮವೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕಾಯಿಲೆಗಳಿಗೆಂದೇ ವಿಭಾಗ ಇರುತ್ತದೆ, ಸಾಮಾನ್ಯ ಮಾತ್ರೆಗಳು ಪುಕ್ಕಟೆ. ಊರಿನ ಆಶಾ ಕಾರ್ಯಕರ್ತೆಯನ್ನು ಬಸುರಿ-ಬಾಣಂತಿಯರಿಗೆ ಮಾತ್ರ ಎಂದು ಬಿಡಬೇಡಿ. ನಿಮ್ಮ ಹೆಸರನ್ನೂ ಅವಳ ಪುಸ್ತಕದಲ್ಲಿ ಬರೆಸಿ.

ಎರಡನೆಯ ಆಸರೆ ಜನ. ಇದರಲ್ಲಿ ನಮ್ಮ ಸೀಮೆ ಬಡವಲ್ಲ. ಹಿತ್ತಿಲ ಬೇಲಿಯಾಚೆ ನೆರೆಯವಳಿದ್ದಾಳೆ, ತವರಿನಲ್ಲಿ ತಂಗಿಯಿದ್ದಾಳೆ, ವಾರಕ್ಕೊಮ್ಮೆ ಸೇರುವ ಸ್ತ್ರೀಶಕ್ತಿ ಸಂಘವಿದೆ. ಸಂಘದಲ್ಲಿ ಸಾಲದ ಕಂತು ಕಟ್ಟುವ ದಿನವೇ ಅರ್ಧ ಗಂಟೆ ಕಾಯಿಲೆಯ ಮಾತೂ ಆಗಲಿ. 'ನಂಗೂ ಅದೇ ಐತೆ ಕಣೆ, ನಾನು ಹಿಂಗ್ ಮಾಡ್ತೀನಿ' ಎಂಬ ಒಂದು ಮಾತು ಕೊಡುವ ಧೈರ್ಯವನ್ನು ಯಾವ ಮಾತ್ರೆಯೂ ಕೊಡಲಾರದು. ನಾಲ್ಕು ಜನ ಸೇರಿ ಸಂಜೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯುವುದನ್ನು ಶುರುಮಾಡಿ ನೋಡಿ. ಮಂಡಿ ನೋಯುವವರು ನಿಧಾನವಾಗಿ, ಸಮತಟ್ಟಾದ ಕಡೆ ನಡೆದರಾಯಿತು.

ಆದರೆ ಇದೇ ಸಂಸ್ಕೃತಿ ಆಸರೆಯನ್ನು ಕಸಿದುಕೊಳ್ಳುವುದೂ ಉಂಟು. ಎರಡು ಕಡೆ.

ಒಂದು, ಮುಚ್ಚಿಡುವುದು. 'ತಾಯಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದರೆ ಮಗಳಿಗೆ ಗಂಡು ಸಿಗುತ್ತಾ?' ಎಂಬ ಭಯ. ಬೀಗರು ಬಂದ ದಿನ ಇನ್ಸುಲಿನ್ ಸೀಸೆ ಅಕ್ಕಿಯ ಡಬ್ಬದೊಳಗೆ ಅಡಗುತ್ತದೆ, ಆ ಹೊತ್ತಿನ ಸೂಜಿ ತಪ್ಪುತ್ತದೆ. ಸೋದರಿಯರೇ, ದೇಶದ ಹತ್ತು ಕೋಟಿ ಜನಕ್ಕಿರುವ ಕಾಯಿಲೆ ಬೀಗರ ಮನೆಯಲ್ಲಿ ಇರುವುದಿಲ್ಲವೇ? ಮುಚ್ಚಿಟ್ಟ ಕಾಯಿಲೆ ಮುಚ್ಚಿಟ್ಟ ಕೆಂಡ.

ಎರಡು, ಎಲ್ಲರೂ ಉಂಡ ಮೇಲೆ ಉಣ್ಣುವುದು. ಇದನ್ನು ನಮ್ಮಲ್ಲಿ ದೊಡ್ಡ ಗುಣ ಎನ್ನುತ್ತಾರೆ. ಸಕ್ಕರೆ ಇಳಿಸುವ ಮಾತ್ರೆ ನುಂಗಿದವಳಿಗೆ, ಸೂಜಿ ಚುಚ್ಚಿಕೊಂಡವಳಿಗೆ ಇದೇ ಗುಣ ಕಂಟಕ. ಎಂಟಕ್ಕೆ ಇನ್ಸುಲಿನ್ ತೆಗೆದುಕೊಂಡು, ಆಳುಗಳದ್ದಾಯಿತು, ಗಂಡನದ್ದಾಯಿತು, ನೆಂಟರದ್ದಾಯಿತು ಎಂದು ಹತ್ತೂವರೆಗೆ ಕೂತರೆ ಅಷ್ಟರಲ್ಲಿ ಸಕ್ಕರೆ ಪಾತಾಳಕ್ಕಿಳಿದಿರುತ್ತದೆ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಕಣ್ಣು ಮಂಜು, ಮಾತು ತೊದಲು - ಇವು ಅದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷಕ್ಕೆ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಬೇಕು, ಸುಧಾರಿಸಿದ ಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮೈಮೇಲೆ ಗಾಳಿ ಬಂತು, ದೇವರು ಬಂತು ಎಂದು ಹೊತ್ತು ಕಳೆದರೆ ಪ್ರಾಣಕ್ಕೇ ಸಂಚಕಾರ. ಹೊತ್ತಿಗೆ ಸರಿಯಾಗಿ ಉಣ್ಣುವುದು ಹೊಟ್ಟೆಬಾಕತನವಲ್ಲ, ಚಿಕಿತ್ಸೆಯ ಅರ್ಧ ಭಾಗ.

ತೋಟದ ಹೆಂಗಸಿಗೆ ಇನ್ನೊಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಬಹಳ ದಿನವಿದ್ದರೆ ಪಾದದ ಸ್ಪರ್ಶ ಸಾಯುತ್ತದೆ. ಚಿಪ್ಪಿನ ಚೂರು ಹೊಕ್ಕರೂ, ಹಂಡೆ ಒಲೆಯ ಕೆಂಡ ತಾಗಿದರೂ ಗೊತ್ತಾಗದು. 'ತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗ್ಬಾರ್ದು' ಎನ್ನುವ ಮನೆಗಳಿವೆ. ಭೂತಾಯಿಗೆ ಕೈಮುಗಿದು ಕ್ಷಮೆ ಕೇಳಿ, ಚಪ್ಪಲಿ ಮೆಟ್ಟಿಕೊಂಡೇ ಹೋಗಿ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು. ಮನೆಯಲ್ಲಿ ಫ್ರಿಜ್ ಇಲ್ಲವೆಂದು ಇನ್ಸುಲಿನ್ ಬಿಡಬೇಕಾಗಿಲ್ಲ. ಒಂದು ಮಡಕೆಯೊಳಗೆ ಇನ್ನೊಂದು ಮಡಕೆ, ನಡುವೆ ಒದ್ದೆ ಮರಳು, ಒಳಗೆ ಬಿಗಿಯಾಗಿ ಕಟ್ಟಿದ ಸೀಸೆ. ತಂಪಾದ ಮೂಲೆಯಲ್ಲಿಟ್ಟರೆ ಬಳಸುತ್ತಿರುವ ಔಷಧ ಕೆಡದಂತೆ ಕಾಪಾಡಬಹುದು. ಎಷ್ಟು ದಿನ ಎಂಬುದನ್ನು ಡಾಕ್ಟರಲ್ಲಿ ಕೇಳಿಕೊಳ್ಳಿ.

ಮೂರನೆಯ ಗುಂಡು: ಬಾಳಿಗೊಂದು ಕಾರಣ

ಇದು ಎಲ್ಲಕ್ಕಿಂತ ಮುಖ್ಯ ಎಂದು ಆಂಟೊನೊವ್‌ಸ್ಕಿ ಹೇಳುತ್ತಿದ್ದರು. ಬಾಳಲು ಕಾರಣವಿದ್ದವರು ತಿಳಿವನ್ನೂ ಆಸರೆಯನ್ನೂ ಹುಡುಕಿಕೊಂಡು ಹೋಗುತ್ತಾರೆ.

ಕನ್ನಡದ ಓದುಗರಿಗೆ ದೂರದ ಉದಾಹರಣೆ ಬೇಕಿಲ್ಲ. ಡಾ. ಅನುಪಮಾ ನಿರಂಜನ ನೆನಪಿರಲೇಬೇಕು. ತೀರ್ಥಹಳ್ಳಿಯಲ್ಲಿ ಹುಟ್ಟಿ, ವೈದ್ಯೆಯಾಗಿ, ಕಾದಂಬರಿಗಾರ್ತಿಯಾಗಿ, 'ತಾಯಿ-ಮಗು', 'ವಧುವಿಗೆ ಕಿವಿಮಾತು' ಮುಂತಾದ ಪುಸ್ತಕಗಳ ಮೂಲಕ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಅಕ್ಕನಂತೆ ಬುದ್ಧಿ ಹೇಳಿದವರು. ಅವರ ಪತಿ, ಕಾದಂಬರಿಕಾರ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆ ಮೇಲೂ ಅವರು ಲೋಕದ ಕಥೆಗಳನ್ನೆಲ್ಲ ಕನ್ನಡಕ್ಕೆ ತರುವ 'ವಿಶ್ವಕಥಾಕೋಶ'ದ 25 ಸಂಪುಟಗಳ ಸಂಪಾದಕತ್ವವನ್ನು ನಿರ್ವಹಿಸಿದರು. ಅನುಪಮಾ ಅವರಿಗೇ ಕ್ಯಾನ್ಸರ್ ಬಂತು. ಬರವಣಿಗೆಯನ್ನು ಅವರು ಬಿಡಲಿಲ್ಲ. 1991ರಲ್ಲಿ ತೀರಿಕೊಂಡರು. ಕಾಯಿಲೆ ಅವರನ್ನು ಬಿಡಲಿಲ್ಲ, ನಿಜ. ಆದರೆ ಅವರ ದಿನಗಳನ್ನು ತುಂಬಿದ್ದು ಕಾಯಿಲೆಯೊಂದೇ ಅಲ್ಲ.

ನಾವೆಲ್ಲ ಪುಸ್ತಕ ಬರೆಯಲಾರೆವು, ಸರಿ. ನಮಗೆ ನಮ್ಮ ನಮ್ಮ ಕಾರಣಗಳಿವೆ. ಮಗಳ ಪದವಿ, ಹೊಸದಾಗಿ ನೆಟ್ಟ ಸಸಿಯ ಮೊದಲ ಹೊಂಬಾಳೆ, ಊರಹಬ್ಬದಲ್ಲಿ ನಾವೇ ಹಾಡಬೇಕಾದ ಸೋಬಾನೆ. ಕಾಯಕ ಎಂಬ ಮಾತು ಹುಟ್ಟಿದ ನಾಡು ಇದು. ಮಂಡಿ ನೋವಿನಿಂದ ತೋಟಕ್ಕೆ ಹೋಗಲಾಗದ ಅಜ್ಜಿಯೂ ಕೂತಲ್ಲೇ ಹುಣಿಸೆಹಣ್ಣಿನ ಬೀಜ ತೆಗೆಯುತ್ತಾ ಮೊಮ್ಮಗನಿಗೆ ಒಗಟು ಹೇಳುತ್ತಾಳೆ. 'ನಾನಿನ್ನೂ ಬೇಕಾದವಳು' ಎನ್ನಿಸುವುದೇ ದೊಡ್ಡ ಔಷಧ. ಕಾಯಿಲೆಯವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಂಡು 'ನೀನು ಸುಮ್ನೆ ಮಲಕೋ' ಎನ್ನುವುದು ಕೆಲವೊಮ್ಮೆ ಪ್ರೀತಿಯ ಹೆಸರಿನ ಶಿಕ್ಷೆ.

ಆದರೆ ಇಲ್ಲೂ ಒಂದು ಮೋಸವಿದೆ. 'ಎಲ್ಲರಿಗಾಗಿ ಸವೆಯುವುದೇ ಹೆಣ್ಣುಜನ್ಮದ ಸಾರ್ಥಕ್ಯ' ಎಂದು ನಂಬಿದವಳು ತನ್ನ ಮಾತ್ರೆಗೆ ದುಡ್ಡು ಖರ್ಚುಮಾಡುವುದನ್ನೂ ಪಾಪ ಎಂದುಕೊಳ್ಳುತ್ತಾಳೆ. ಬಾಳಿನ ಕಾರಣಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಒಂದಿರಲಿ.

ದೇವರ ಹರಕೆ, ಡಾಕ್ಟರ ಚೀಟಿ

ನಮ್ಮ ಸೀಮೆಯಲ್ಲಿ ಕಾಯಿಲೆಯ ಮಾತು ದೇವರನ್ನು ಬಿಟ್ಟು ಮುಗಿಯುವುದಿಲ್ಲ. ತಿಪಟೂರಿನ ಬಳಿ ದಸರೀಘಟ್ಟದ ಚೌಡೇಶ್ವರಿಯ ಸನ್ನಿಧಿಗೆ ದೂರದೂರದಿಂದ ಜನ ಬರುತ್ತಾರೆ. ಇಬ್ಬರು ಹಿಡಿದ ಉತ್ಸವಮೂರ್ತಿ ಮಣೆಯ ಮೇಲೆ ಹರಡಿದ ಅಕ್ಕಿಯಲ್ಲಿ ಕಳಶದ ತುದಿಯಿಂದ ಬರೆದು ಉತ್ತರ ಹೇಳುತ್ತದೆ ಎಂಬ ನಂಬಿಕೆ. ಮದುವೆ, ಸಂತಾನ, ವ್ಯಾಜ್ಯದ ಜೊತೆಗೆ 'ಈ ಕಾಯಿಲೆ ವಾಸಿಯಾದೀತೇ ತಾಯಿ' ಎಂದು ಕೇಳುವವರೂ ಉಂಟು.

ನಂಬಿಕೆಯನ್ನು ಗೇಲಿ ಮಾಡುವವರಿಗೆ ಒಂದು ಸಂಗತಿ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಬಂದು ತಂಗಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರ ಇದ್ದ ಅವರಲ್ಲಿ ರೋಗಲಕ್ಷಣಗಳು ಸುಮಾರು ನೂರಕ್ಕೆ ಇಪ್ಪತ್ತರಷ್ಟು ತಗ್ಗಿದ್ದವು. ಅಲ್ಲಿ ವಿಶೇಷ ಚಿಕಿತ್ಸೆಯೇನೂ ಇರಲಿಲ್ಲ. ಬೆದರಿಸದ, ಅಂಜಿಸದ, ಸಮಾಧಾನದ ಜಾಗ ಇತ್ತು, ಜೊತೆಗೆ ಮನೆಯವರೊಬ್ಬರು ಇದ್ದರು. ನೆಮ್ಮದಿಗೂ ಗುಣಪಡಿಸುವ ಶಕ್ತಿಯಿದೆ ಎಂದಾಯಿತು.

ಆದರೆ ಅದು ಮನಸ್ಸಿನ ಕಾಯಿಲೆಯ ಮಾತು. ರಕ್ತದ ಸಕ್ಕರೆ ಹರಕೆಯಿಂದ ಇಳಿಯದು. ದೇವರ ಮೇಲೆ ಭಾರ ಹಾಕುವುದರಲ್ಲಿ ಎರಡು ಬಗೆ. 'ತಾಯಿ, ನಿನ್ನ ಮೇಲೆ ಭಾರ, ಮಾತ್ರೆ ನುಂಗಿ ಪಥ್ಯ ಮಾಡುವ ಬುದ್ಧಿ ಕೊಡು' ಎನ್ನುವುದು ಒಂದು. 'ನನ್ನನ್ನು ಶಿಕ್ಷಿಸುತ್ತಿದ್ದಾಳೆ, ಇನ್ನು ಔಷಧವೇಕೆ' ಎನ್ನುವುದು ಇನ್ನೊಂದು. ಮೊದಲನೆಯದು ಬಂಡವಾಳ, ಎರಡನೆಯದು ಸಾಲ. ಹರಕೆಯೆಂದು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯವಾಗುವವರಿದ್ದಾರೆ. ಉಪವಾಸದ ವ್ರತಗಳೂ ಅಷ್ಟೆ. ವರಮಹಾಲಕ್ಷ್ಮಿಗೋ ಶ್ರಾವಣ ಶನಿವಾರಕ್ಕೋ ಮುಂಚೆಯೇ ಡಾಕ್ಟರಲ್ಲಿ ಕೇಳಿ ಔಷಧದ ಪ್ರಮಾಣ, ಹೊತ್ತು ಬದಲಾಯಿಸಿಕೊಳ್ಳಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಕೊಟ್ಟವರ ಮನ ನೋಯದಂತೆ ಕಣ್ಣಿಗೊತ್ತಿಕೊಂಡು, ಒಂದು ಕಾಳು ಬಾಯಿಗೆ ಹಾಕಿ, ಉಳಿದದ್ದನ್ನು ಮಕ್ಕಳ ಕೈಗಿಡಿ. ಮಡಿಲಕ್ಕಿಯ ಕೊಬ್ಬರಿ ಬೆಲ್ಲಕ್ಕೂ ಅದೇ ದಾರಿ.

ಮನಸ್ಸು ಬಾಡಿದಾಗ

ಮಧುಮೇಹ ಇರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ನಮ್ಮ ಹೆಂಗಸರು 'ನನಗೆ ದುಃಖವಾಗಿದೆ' ಎನ್ನುವುದಿಲ್ಲ. 'ಸುಸ್ತು, ಎದೆ ಭಾರ, ಮೈಯೆಲ್ಲ ಉರಿ, ಯಾವುದರಲ್ಲೂ ಮನಸ್ಸಿಲ್ಲ' ಎನ್ನುತ್ತಾರೆ. ಮೈ ಭಾಷೆಯಲ್ಲಿ ಮನಸ್ಸು ಮಾತಾಡುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಕಾರಣವಿಲ್ಲದೆ ಕಣ್ಣೀರು ಬಂದರೆ ಅದು ಸೋಮಾರಿತನವಲ್ಲ, ಅದಕ್ಕೂ ಚಿಕಿತ್ಸೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ನಂಬರಿನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಯೋಚನೆ ಸುಳಿದರೆ ಒಂದು ಕ್ಷಣವೂ ತಡಮಾಡದೆ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಮನೆಯ ಗಂಡಸರಿಗೂ ಎರಡು ಮಾತು. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದು ಹೊರಗೆ ಬೀಡಾ ಅಂಗಡಿಯಲ್ಲಿ ನಿಂತರೆ ಸಾಲದು. ಒಳಗೆ ಬಂದು ಡಾಕ್ಟರ ಮಾತು ಕೇಳಿ. 'ಊಟ ಮಾಡಿದೆಯಾ, ಮಾತ್ರೆ ನುಂಗಿದೆಯಾ' ಎಂದು ದಿನಕ್ಕೊಮ್ಮೆ ಕೇಳಿ. ಅವಳಿಗಾಗಿ ಬೇರೆ ಅಡಿಗೆ ಬೇಡ. ಅವಳ ಪಥ್ಯದ ಊಟವೇ ಮನೆಯವರೆಲ್ಲರಿಗೂ ಒಳ್ಳೆಯದು. ಇಂದು ನಿಮ್ಮ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ನೆನಪಿನಲ್ಲಿಡಿ

- ಮೂವತ್ತು ದಾಟಿದ್ದರೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ತಾಯಿ ತಂದೆಗೆ ಇದ್ದರೆ ತಪ್ಪಿಸಲೇಬೇಡಿ.
- ಮಾತ್ರೆ, ಸೂಜಿಯ ಹೊತ್ತಿಗೆ ಊಟದ ಹೊತ್ತನ್ನು ಗಂಟು ಹಾಕಿ. ಸೆರಗಿನ ತುದಿಯಲ್ಲಿ ಸ್ವಲ್ಪ ಸಕ್ಕರೆ ಕಟ್ಟಿಕೊಂಡಿರಿ.
- ಕಾಯಿಲೆಯ ವಿಷಯ ತಿಳಿದಿರುವವರು ಮನೆಯಲ್ಲಿ ಇಬ್ಬರು, ಹೊರಗೆ ಒಬ್ಬರು ಇರಲಿ.
- ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದದ ಪರೀಕ್ಷೆ ಮಾಡಿಸಿ.
- ಯಾರ ಮಾತಿಗೂ ಔಷಧ ನಿಲ್ಲಿಸಬೇಡಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮರೆಮಾಚದೆ ಹೇಳಿ.
- ದಿನದಲ್ಲಿ ಅರ್ಧ ಗಂಟೆಯಾದರೂ ನಿಮಗಾಗಿ ಇಟ್ಟುಕೊಳ್ಳಿ. ನಡಿಗೆ, ಹಾಡು, ಹರಟೆ ಯಾವುದಾದರೂ ಸರಿ.

ತಾಳ್ಮೆ ನಮ್ಮ ಹೆಣ್ಣುಮಕ್ಕಳ ದೊಡ್ಡ ಆಸ್ತಿ ಎನ್ನುತ್ತಾರೆ. ಹೌದು. ಆದರೆ ತಾಳ್ಮೆ ಬೇರೆ, ಬಾಯಿ ಮುಚ್ಚಿಕೊಂಡು ಸಹಿಸುವುದು ಬೇರೆ. ಉಂಡೆ ಕೊಬ್ಬರಿ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರುತ್ತದೆ, ಆತುರ ಮಾಡಿದರೆ ಕೊಬ್ಬರಿಯಾಗದು. ಹಾಗೆಂದು ಅಟ್ಟಕ್ಕೆ ಹಾಕಿ ಮರೆತವರಿಗೆ ಸಿಗುವುದು ಕೊಳೆತ ಕಾಯಿ, ಇಲಿ ತಿಂದ ಕಾಯಿ. ಆಗಾಗ ಹತ್ತಿ, ಅಲ್ಲಾಡಿಸಿ, ಕೆಟ್ಟದ್ದನ್ನು ತೆಗೆದು ನೋಡಿಕೊಂಡವರ ಕೊಬ್ಬರಿಯೇ ಗಲಗಲ ಎನ್ನುವುದು. ನಿಮ್ಮ ಮೈಯನ್ನೂ ಹಾಗೆಯೇ ನೋಡಿಕೊಳ್ಳಿ. ಕಾಯಿಲೆ ಹೋಗದಿದ್ದರೆ ಹೋಗದಿರಲಿ, ಮನೆಯ ಯಜಮಾನಿಕೆ ಮಾತ್ರ ಅದರ ಕೈಗೆ ಹೋಗಬಾರದು.